ಮೂವತ್ತೆಂಟನೇ ಭಾಗ

ಗುತ್ತಲು, ಮಂಡ್ಯ
೯ ಜೂನ್ ೨೦೨೪

ಶ್ರೀ ದೇವರಾಜು ಅವರಿಗೆ,

ನಮಸ್ಕಾರ. ನಾನು ಶಶಿಧರ್, ಆತಗೂರಿನ ಹೊನ್ನಯ್ಯನವರ ಮಗ, ಹೈಸ್ಕೂಲಿನಲ್ಲಿ ನಿಮ್ಮ ಸಹಪಾಠಿ. ನಲವತ್ತಾರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಹೋದ ವಾರ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಲು ಇಲ್ಲಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರ ಮೇಜಿನ ಮೇಲೆ ಅಂಗೈಯುದ್ದದ ಕೆಂಪು ಕಾರೊಂದಿತ್ತು. ಬಾಗಿಲ ಸಂದಿಗೆ ಉಗುರು ತಗುಲದಷ್ಟು ನಯ. "ನಮ್ಮಪ್ಪ ಜೋಡಿಸಿದ್ದು ಅಂಕಲ್, ಪ್ಲಾಸ್ಟಿಕ್ ಕಿಟ್ಟು. ಸರ್ವೆ ಇಲಾಖೆಯಿಂದ ರಿಟೈರ್ ಆದ್ಮೇಲೆ ಬೆಳಕವಾಡೀಲಿ ಕೂತು ಇದೇ ಕೆಲ್ಸ" ಎಂದರು. ಡಾ. ಪ್ರಿಯಾಂಕ ನಿಮ್ಮ ಮಗಳೆಂದು ಹಾಗೆ ತಿಳಿಯಿತು. ನಿಮ್ಮ ಫೋನ್ ನಂಬರ್ ಕೇಳಿದರೆ ನಕ್ಕರು. "ಅಪ್ಪ ಫೋನಲ್ಲಿ ಮಾತಾಡಲ್ಲ. ಕಾಗದ ಬರೀರಿ, ಉತ್ತರ ಬಂದೇ ಬರುತ್ತೆ. ಎಷ್ಟುದ್ದ ಬರುತ್ತೆ ಅನ್ನೋದಕ್ಕೆ ನಾನು ಜವಾಬ್ದಾರಳಲ್ಲ."

ಮದ್ದೂರು ಕಡೆಯ ನಮ್ಮ ಹೈಸ್ಕೂಲಿಗೆ ಬರುವ ಫೆಬ್ರವರಿಗೆ ಐವತ್ತು ತುಂಬುತ್ತದೆ. ತೀರಿಕೊಂಡ ಜವರಯ್ಯ ಮೇಷ್ಟ್ರ ಮನೆಯವರು ಅಟ್ಟದಿಂದ ಒಂದು ಡಬ್ಬಿ ಇಳಿಸಿ ಸಮಿತಿಗೆ ಕೊಟ್ಟರು. ೧೯೭೮ರಲ್ಲಿ ಮೇಷ್ಟ್ರು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಿಂದ ತಂದು ನಮ್ಮ ತರಗತಿಯ ಹುಡುಗರಿಗೆ ಜೋಡಿಸಲು ಕೊಟ್ಟಿದ್ದ, ಅಮೆರಿಕದ ಪುಟ್ಟ ಮಾದರಿ ಕಾರಿನ ಬಿಡಿಭಾಗಗಳ ಕಿಟ್ಟು. ಅರ್ಧಕ್ಕೆ ನಿಂತದ್ದು ನಿಮಗೆ ನೆನಪಿರಬಹುದು. ಪೂರ್ತಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕಾರಿನ ಮೇಲ್ಕವಚ ತಳದ ಮೇಲೆ ಕೂರುತ್ತಿಲ್ಲ. ಎಡ ಮುಂದಿನ ಮೂಲೆ ಒತ್ತಿದರೆ ಬಲ ಹಿಂದಿನದು ಏಳುತ್ತದೆ. ಬಾನೆಟ್ಟಿನ ಮೂತಿ ಒಂದಕ್ಕಿಕಾಳಿನಷ್ಟು ಕುಸಿಯುತ್ತದೆ. ತಳದ ಅಂಚನ್ನು ಉಜ್ಜಿ ಕೂರಿಸಿಬಿಡಲೇ? ದಯವಿಟ್ಟು ತಿಳಿಸಿ.

ನಿಮ್ಮ
ಶಶಿಧರ್

*

ಬೆಳಕವಾಡಿ, ಮಳವಳ್ಳಿ ತಾಲ್ಲೂಕು
೩೦ ಜೂನ್ ೨೦೨೪

ಮಾನ್ಯರೇ,

ವಿಷಯ: ಪ್ಲಾಸ್ಟಿಕ್ ಕಾರಿನ ಕವಚ ತಳಕ್ಕೆ ಕೂರದಿರುವ ಬಗ್ಗೆ.
ಉಲ್ಲೇಖ: ತಮ್ಮ ಪತ್ರ, ದಿನಾಂಕ ೯–೬–೨೦೨೪.

ಉಜ್ಜಬೇಡಿ.

ಎರಡು ಭಾಗಗಳು ಕೂರದಿದ್ದಾಗ ತಪ್ಪು ಯಾವುದರದ್ದೆಂದು ತಿಳಿಯುವ ಮೊದಲೇ ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ಉಜ್ಜುವುದು ನಮ್ಮ ಜನರ ಪದ್ಧತಿ. ನಮ್ಮೂರ ಮೇಲೆ ಶಿವನಸಮುದ್ರಕ್ಕೆ ಹೋಗುವ ರಸ್ತೆಗೆ ಅಡ್ಡಲಾಗಿ ಒಂದು ಮೋರಿ ಕಟ್ಟಿದರು. ಅದು ರಸ್ತೆಗಿಂತ ನಾಲ್ಕಿಂಚು ಮೇಲೆ ಬಂತು. ಮೋರಿ ಇಳಿಸುವ ಬದಲು ರಸ್ತೆಗೆ ಜಲ್ಲಿ ಸುರಿದು ಏರಿಸಿದರು. ಈಗ ಪಕ್ಕದ ಮನೆಗಳು ಹಳ್ಳದಲ್ಲಿವೆ. ಈ ಬಗ್ಗೆ ಹನ್ನೊಂದು ಪತ್ರ ಬರೆದಿದ್ದೇನೆ. ಹನ್ನೆರಡನೆಯದು ಟಪಾಲಿನಲ್ಲಿದೆ.

ಡಬ್ಬಿ ಅಟ್ಟದಲ್ಲಿತ್ತು ಎಂದಿದ್ದೀರಿ. ಕೆಳಗೆ ಒಲೆ ಇದ್ದಿರಬೇಕು. ಅಷ್ಟು ವರ್ಷದ ಬಿಸಿಗೆ ಕವಚ ತಿರುಚಿಕೊಂಡಿದೆ, ತಳದ್ದೇನೂ ತಪ್ಪಿಲ್ಲ. ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಇಳಿಸಿ, ಐದು ನಿಮಿಷ ಬಿಡಿ. ಕವಚವನ್ನು ಅದರಲ್ಲಿ ಅರೆನಿಮಿಷ ಮುಳುಗಿಸಿ, ತೆಗೆದು, ತಿರುಚಿದ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುಗಿಸಿ ಹಿಡಿದು ತಣ್ಣೀರಿಗೆ ಹಾಕಿ. ಒಂದೇ ಸಲಕ್ಕೆ ಆಗುವುದಿಲ್ಲ. ಎಂಟು ಹತ್ತು ಸಲ ಬೇಕು.

ಆಮೇಲೆ ಅಂಟು ಹಾಕದೆ ಕೂರಿಸಿ ನೋಡಿ. ಎಲ್ಲಿ ತಾಗುತ್ತಿದೆ ಎಂದು ಕಣ್ಣಿಗೆ ಕಾಣದು. ಪ್ರಿಯಾಂಕಳ ಹತ್ತಿರ ಹಲ್ಲು ಕಚ್ಚಿಸಿ ನೋಡುವ ನೀಲಿ ಕಾಗದವಿದೆ, ಒಂದು ಚೂರು ಕೇಳಿ. ಎರಡು ಭಾಗಗಳ ನಡುವೆ ಅದನ್ನಿಟ್ಟು ಒತ್ತಿದರೆ ತಾಗುವ ಜಾಗದಲ್ಲಿ ನೀಲಿ ಬೀಳುತ್ತದೆ. ಆ ನೀಲಿಯನ್ನಷ್ಟೇ ಉಜ್ಜತಕ್ಕದ್ದು.

ಪಟ್ಟಿಯಲ್ಲಿರುವ ಎಲ್ಲ ಭಾಗಗಳೂ ಡಬ್ಬಿಯಲ್ಲಿವೆಯೇ? ತಾವು ಪತ್ರದಲ್ಲಿ ನಮೂದಿಸಿಲ್ಲ.

ಇತಿ,
ಎಂ. ದೇವರಾಜು

*

ಗುತ್ತಲು
೨೧ ಜುಲೈ ೨೦೨೪

ಪ್ರಿಯ ದೇವರಾಜು ಅವರಿಗೆ,

ಒಂಬತ್ತು ಸಲ ನೀರಿಗೆ ಹಾಕಿದೆ. ನನ್ನ ಹೆಂಡತಿ ಕುಸುಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಬಾಣಂತಿಗೂ ಇಷ್ಟು ಉಪಚಾರ ಮಾಡಾಕಿಲ್ಲ ಬುಡಿ. ನನ್ನ ಎರಡು ಬಾಣಂತನದಾಗೆ ಒಂದು ಚೊಂಬು ನೀರು ಕಾಯಿಸಿಕೊಟ್ಟಿದ್ರಾ?" ಎಂದಳು. ಪ್ರಿಯಾಂಕ ನೀಲಿ ಕಾಗದ ಕೊಟ್ಟು "ಕಾರಿಗೂ ಹಲ್ಲು ಬಂತಾ ಅಂಕಲ್?" ಎಂದರು. ನೀಲಿ ಬಿದ್ದದ್ದು ಎರಡೇ ಕಡೆ. ಉಜ್ಜಿದೆ. ನಲವತ್ತಾರು ವರ್ಷ ಕೂರದಿದ್ದದ್ದು ಟಕ್ಕೆಂದು ಕೂತಿತು.

ಬಾನೆಟ್ಟು ಮಾತ್ರ ಇನ್ನೂ ಕುಸಿಯುತ್ತದೆ. ಸೂಚನಾ ಹಾಳೆಯ ಪ್ರಕಾರ ಅದರ ಮೂತಿ ಒರಗುವುದು ೩೮ನೇ ಭಾಗದ ಮೇಲೆ, ರೇಡಿಯೇಟರಿನ ಹಿಂದಿನ ಅಡ್ಡಪಟ್ಟಿಯ ಮೇಲೆ. ಉಳಿದ ನಲವತ್ತಮೂರೂ ಇವೆ. ಅದೊಂದಿಲ್ಲ, ನಿಮಗೆ ಗೊತ್ತೇ ಇದೆ. ಅದೆಲ್ಲ ಮಕ್ಕಳಾಟ. ಯಾರೂ ಮನಸ್ಸಿನಲ್ಲಿಟ್ಟುಕೊಂಡಿಲ್ಲ.

ಸ್ಮರಣ ಸಂಚಿಕೆಗೆ ಕಾರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೇನೆ, ನೋಡಿ ಹೇಳಿ: "ಒಬ್ಬ ವಿದ್ಯಾರ್ಥಿಯ ಕೈಚಳಕದಿಂದ ಒಂದು ಭಾಗ ಕಾಣೆಯಾಗಿ ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕಿದ್ದ ಈ ಕಾರು ಅಪೂರ್ಣವಾಗಿ ಉಳಿಯಿತು. ಇಂದು ಆ ನೆನಪು ನಗು ತರಿಸುತ್ತದೆ." ಹೆಸರು ಹಾಕಿಲ್ಲ. ಸಮಿತಿಯ ಕಾರ್ಯದರ್ಶಿ ಜಯಪ್ರಕಾಶ್‌ಗೆ ತುಂಬ ಹಿಡಿಸಿತು.

ನಿಮ್ಮ
ಶಶಿಧರ್

*

ಬೆಳಕವಾಡಿ
೧೧ ಆಗಸ್ಟ್ ೨೦೨೪

ಶಶಿಧರ್ ಅವರೇ,

ಯಾರೂ ಮನಸ್ಸಿನಲ್ಲಿಟ್ಟುಕೊಂಡಿಲ್ಲ ಎಂದು ಬರೆದಿದ್ದೀರಿ. ನಾನು ಇಟ್ಟುಕೊಂಡಿದ್ದೇನೆ. ಹೆಸರು ಹಾಕಿಲ್ಲ ಎಂದೂ ಬರೆದಿದ್ದೀರಿ. ನಮ್ಮ ತರಗತಿಯಲ್ಲಿ ಬದುಕಿರುವ ಇಪ್ಪತ್ತೊಂಬತ್ತು ಜನಕ್ಕೆ ಹೆಸರು ಬೇಕಾಗಿಲ್ಲ.

ನಿಮಗೆ ತಿಳಿಯದೆ ಇರುವಷ್ಟನ್ನು ಮಾತ್ರ ಬರೆಯುತ್ತೇನೆ. ಶುಕ್ರವಾರ ಸಂಜೆ ಭಾಗಗಳನ್ನು ಎಣಿಸಿ ಪಟ್ಟಿಗೆ ಗೀಟು ಹಾಕುವ ಕೆಲಸ ನಿಮ್ಮದು. ಶನಿವಾರ ಡಬ್ಬಿ ಮನೆಗೊಯ್ಯುವ ಸರದಿ ನನ್ನದು. ಸೋಮವಾರ ಬಾನೆಟ್ಟು ಕುಸಿಯಿತು, ಪಟ್ಟಿ ಹಿಡಿದು ಎಣಿಸಿದರೆ ಡಬ್ಬಿಯಲ್ಲಿ ೩೮ ಇಲ್ಲ. "ಗೀಟೈತಲ್ಲ ಇಲ್ಲಿ" ಎಂದರು ಮೇಷ್ಟ್ರು. ಅದರ ಮೇಲೆ ಯಾರೂ ಏನೂ ಕೇಳಲಿಲ್ಲ. ಮಂಗಳವಾರ ನನ್ನ ಅಪ್ಪ ಮರಿಸಿದ್ದಯ್ಯನನ್ನು ಶಾಲೆಗೆ ಕರೆಸಿದರು. ಹೆಗಲ ಟವೆಲ್ಲನ್ನು ಕೈಯಲ್ಲಿ ಹಿಡಿದು ಹೆಡ್ಮಾಸ್ಟರ ಕೋಣೆಯ ಹೊರಗೆ ಎರಡು ಗಂಟೆ ನಿಂತಿದ್ದ. ದಾರಿಯಲ್ಲಿ ಒಂದೇ ಮಾತು ಕೇಳಿದ: "ತಗಂಡಿದ್ರೆ ಕೊಟ್ಬುಡ್ಲಾ." "ತಗಂಡಿಲ್ಲ ಕಣಪ್ಪ" ಎಂದೆ. ೨೦೦೩ರಲ್ಲಿ ಸಾಯುವವರೆಗೆ ಮತ್ತೆ ಕೇಳಲಿಲ್ಲ. ನಂಬಿ ಕೇಳಲಿಲ್ಲವೋ ನಂಬದೆ ಕೇಳಲಿಲ್ಲವೋ ನನಗೆ ಇವತ್ತಿಗೂ ತಿಳಿಯದು.

ಅವ್ವ ಮನೆಯ ಎರಡು ಮೂಟೆ ರಾಗಿಯನ್ನೂ ಬೀದಿಗೆ ತಂದು, ಎಲ್ಲರೂ ನೋಡುತ್ತಿರುವಂತೆ, ಜರಡಿ ಹಿಡಿದಳು, ಅವಳ ಮಾತಿನಲ್ಲಿ ಒಂದ್ರಿ. ಬೆರಳುದ್ದದ ಕಪ್ಪು ಪ್ಲಾಸ್ಟಿಕ್ಕಿಗಾಗಿ. ಬೆಳಿಗ್ಗೆ ಕೂತವಳು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಆ ಬೇಸಿಗೆಯಲ್ಲಿ ಆತಗೂರು ಬಿಟ್ಟು ಅವಳ ತವರಾದ ಈ ಬೆಳಕವಾಡಿಗೆ ಬಂದೆವು. ಈಗ ಅವಳಿಗೆ ಎಂಬತ್ತಮೂರು. ಈಗಲೂ ರಾಗಿ ಜರಡಿ ಹಿಡಿದಾಗ ಮೇಲುಳಿದ ಕಸದಲ್ಲಿ ಒಂದು ಸಲ ಬೆರಳಾಡಿಸಿಯೇ ಚೆಲ್ಲುತ್ತಾಳೆ. ನಿಮ್ಮ ನಗು ತರಿಸುವ ನೆನಪು ನಮ್ಮ ಮನೆಯಲ್ಲಿ ಹೀಗಿದೆ.

ಭಾಗಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟುಗಳು ಆ ಡಬ್ಬಿಯಲ್ಲಿದ್ದರೆ ಕಳಿಸಿ. ಜವರಯ್ಯ ಮೇಷ್ಟ್ರು ಯಾವುದನ್ನೂ ಎಸೆದವರಲ್ಲ. ನನಗೊಂದು ಅನುಮಾನವಿದೆ. ಈಗ ಹೇಳುವುದಿಲ್ಲ. ಬರೀ ಅನುಮಾನದ ಮೇಲೆ ಮಾತಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿದೆ.

ದೇವರಾಜು

*

ಗುತ್ತಲು
೧೩ ಅಕ್ಟೋಬರ್ ೨೦೨೪

ದೇವರಾಜು ಅವರಿಗೆ,

ಉತ್ತರ ತಡವಾಯಿತು. ಮನೆಯಲ್ಲಿ ಸುಣ್ಣಬಣ್ಣ, ಆಮೇಲೆ ದಸರೆ.

ಮೂರು ಚೌಕಟ್ಟುಗಳನ್ನೂ ರಿಜಿಸ್ಟರ್ಡ್ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಆ ಪ್ಲಾಸ್ಟಿಕ್ಕಿನಿಂದಲೇ ೩೮ನ್ನು ಹೊಸದಾಗಿ ಕೆತ್ತಿಕೊಡುವ ಆಲೋಚನೆ ನಿಮ್ಮದೆಂದು ತಿಳಿದೆ. ದೊಡ್ಡ ಮನಸ್ಸು. ಸಂಚಿಕೆ ಜನವರಿ ಕೊನೆಗೆ ಅಚ್ಚಿಗೆ ಹೋಗುತ್ತದೆ.

ನಿಮ್ಮ ತಾಯಿಯವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ಶಶಿಧರ್

*

ಬೆಳಕವಾಡಿ
೨೭ ಅಕ್ಟೋಬರ್ ೨೦೨೪

ಶಶಿಧರ್ ಅವರೇ,

ನಾನು ಏನನ್ನೂ ಕೆತ್ತುತ್ತಿಲ್ಲ.

ಎರಡನೇ ಚೌಕಟ್ಟನ್ನು ವಾಪಸ್ಸು ಕಳಿಸಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಚ್ಚಿಗೆ ಕರಗಿದ ಪ್ಲಾಸ್ಟಿಕ್ ಹರಿದ ಕಾಲುವೆಯೇ ಈ ಚೌಕಟ್ಟು. ಪ್ರತಿ ಭಾಗವೂ ಬಳ್ಳಿಗೆ ಕಾಯಿಯಂತೆ ಸಣ್ಣ ತೊಟ್ಟಿನಿಂದ ಇದಕ್ಕೆ ಅಂಟಿರುತ್ತದೆ, ಪಕ್ಕದಲ್ಲಿ ಅದರ ಸಂಖ್ಯೆ ಇರುತ್ತದೆ. ಭಾಗವನ್ನು ಬ್ಲೇಡಿನಿಂದ ಕತ್ತರಿಸಿದರೂ ಕೈಯಿಂದ ಮುರಿದರೂ ತೊಟ್ಟಿನ ಗಾಯ ಉಳಿಯಲೇಬೇಕು. ೩೬, ೩೭, ೩೯, ೪೦, ಎಲ್ಲಕ್ಕೂ ಗಾಯವಿದೆ. ೩೮ಕ್ಕೆ ಇಲ್ಲ. ಸಂಖ್ಯೆ ಇದೆ. ಅದರ ಎದುರು ಕಾಲುವೆಯ ಅಂಚು ನದಿಯ ಕಲ್ಲಿನಷ್ಟು ನುಣುಪಾಗಿದೆ.

ಅರವತ್ತರ ದಶಕದ ಕಿಟ್ಟುಗಳಲ್ಲಿ ಇದು ಸಾಮಾನ್ಯ. ಒಂದೇ ಅಚ್ಚಿನಿಂದ ಎರಡು ಮೂರು ನಮೂನೆಯ ಕಾರು ತೆಗೆಯುತ್ತಿದ್ದರು. ಈ ನಮೂನೆಗೆ ಬೇಡದ ಭಾಗದ ದಾರಿಯನ್ನು ಅಚ್ಚಿನಲ್ಲೇ ಮುಚ್ಚಿ, ಸೂಚನಾ ಹಾಳೆಯನ್ನು ಮಾತ್ರ ಹಳೆಯದನ್ನೇ ಹಾಕುತ್ತಿದ್ದರು. ಇಂಥವನ್ನು ನಾನೇ ನಾಲ್ಕು ನೋಡಿದ್ದೇನೆ. ಹೈಸ್ಕೂಲಿನ ಹುಡುಗರಿಗೂ ಮೇಷ್ಟ್ರಿಗೂ ೧೯೭೮ರಲ್ಲಿ ಇದು ತಿಳಿಯುವ ಹಾಗಿರಲಿಲ್ಲ. ಅವರನ್ನು ದೂರುವುದಿಲ್ಲ.

೩೮ ಆ ಡಬ್ಬಿಯಲ್ಲಿ ಯಾವತ್ತೂ ಇರಲಿಲ್ಲ.

ಹಾಗಿದ್ದರೆ ಶುಕ್ರವಾರ ಸಂಜೆ ಅದರ ಮುಂದೆ ಗೀಟು ಹಾಕಿದ್ದು ಏನನ್ನು ನೋಡಿ? ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಉತ್ತರ ಕೋರಿದೆ.

ದೇವರಾಜು

*

ಗುತ್ತಲು
೧೫ ಡಿಸೆಂಬರ್ ೨೦೨೪

ದೇವರಾಜು,

ಈ ಕಾಗದ ನಾಲ್ಕನೇ ಸಲ ಬರೆಯುತ್ತಿರುವುದು.

ಏನನ್ನೂ ನೋಡಿರಲಿಲ್ಲ. ಮದ್ದೂರಿನ ಟೆಂಟಿನಲ್ಲಿ ಅವತ್ತು ಸಿನಿಮಾ ಬದಲಾಗಿತ್ತು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವವನು ಗೇಟಿನಲ್ಲಿ ಬೆಲ್ಲು ಬಾರಿಸುತ್ತಿದ್ದ. ಒಂದರಿಂದ ನಲವತ್ತನಾಲ್ಕರವರೆಗೆ ಪೆನ್ಸಿಲ್ಲೆತ್ತದೆ ಗೀಟು ಎಳೆದು ಓಡಿದೆ. ಸೋಮವಾರ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು "ಎಣ್ಸಿದ್ದೇನ್ಲಾ, ನಿಜ ಹೇಳು" ಎಂದರು. "ಎಣ್ಸಿದ್ದೆ ಸಾ" ಎಂದೆ. ಅಷ್ಟೇ ಮಾತು. ಆಮೇಲೆ ನಿನ್ನ ಕಡೆ ನೋಡಲಿಲ್ಲ. ನೀವು ಊರು ಬಿಟ್ಟಾಗ ನಿಮ್ಮಪ್ಪನಿಗೆ ಆ ಕಡೆ ಕೆಲಸ ಸಿಕ್ಕಿರಬೇಕೆಂದು ನನಗೆ ನಾನೇ ಹೇಳಿಕೊಂಡೆ.

ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ಕಣ್ಣಾರೆ ನೋಡದೆ ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ. ಜೊತೆಯವರು ನನ್ನನ್ನು ಬಲು ಶಿಸ್ತಿನವನೆಂದು ಹೊಗಳುತ್ತಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಆದರೂ ನೀನು ತೆಗೆದಿಲ್ಲ ಎಂದು ನನಗೆ ಗೊತ್ತಿತ್ತು ಅನ್ನಲಾರೆ. ತೆಗೆದಿರಬಹುದು ಎಂದುಕೊಂಡರೆ ನನಗೆ ಹಗುರವಾಗುತ್ತಿತ್ತು, ಹಾಗಾಗಿ ಅಂದುಕೊಂಡೆ. ಜೂನಿನಲ್ಲಿ ಡಬ್ಬಿ ಕೈಗೆ ಬಂದಾಗ ಮೊದಲು ಮೂಲೆಮೂಲೆ ಹುಡುಕಿದ್ದು ೩೮ಕ್ಕಾಗಿ.

ಇನ್ನೊಂದು. ಆ ಕ್ಲಿನಿಕ್ಕಿಗೆ ನಾನು ಅಕಸ್ಮಾತ್ ಹೋದವನಲ್ಲ. 'ಡಾ. ಪ್ರಿಯಾಂಕ ದೇವರಾಜು' ಎಂಬ ಬೋರ್ಡು ನೋಡಿ ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿದ್ದೆ. ಹಲ್ಲು ನೋಯುತ್ತಿದ್ದದ್ದು ಮಾತ್ರ ನಿಜ.

ಏನು ಮಾಡಬೇಕು, ಹೇಳು.

ಶಶಿ

*

ಬೆಳಕವಾಡಿ
೨೯ ಡಿಸೆಂಬರ್ ೨೦೨೪

ಶಶಿಧರ್,

ನಿನ್ನ ಪತ್ರ ಬಂದ ದಿನ ಅವ್ವ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು, "ಅವ್ವ, ಆ ಕಾರಿನ ಸಾಮಾನು ಡಬ್ಬೀಲಿ ಇರ್ಲೇ ಇಲ್ವಂತೆ" ಎಂದೆ.

ಯಾವ ಕಾರು, ಯಾವ ಸಾಮಾನು ಎಂದು ಕೇಳಲಿಲ್ಲ. ಕೈ ನಿಂತಿತು. "ಯಾರೇಳುದ್ರು?"

"ಹೊನ್ನಯ್ಯನ ಮಗ ಶಶಿ ಬರ್ದವ್ನೆ. ನೋಡ್ದೆ ಗೀಟು ಹಾಕ್ಬುಟ್ಟಿದ್ನಂತೆ." ಒಂದು ಅವರೆಕಾಯಿ ಎತ್ತಿಕೊಂಡು ತೊಟ್ಟಿನ ಗಾಯ ತೋರಿಸಿ ಚೌಕಟ್ಟಿನ ವಿಷಯ ವಿವರಿಸಿದೆ. ಇಲಾಖೆಯಲ್ಲಿ ಎಷ್ಟೋ ಎಂಜಿನಿಯರುಗಳಿಗೆ ಎಷ್ಟೋ ವಿವರಿಸಿದ್ದೇನೆ. ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ.

"ಅಂಗಾರೆ ಎರಡು ಮೂಟೆ ಒಂದ್ರಿ ಇಡ್ದು ಇಲ್ದೇ ಇದ್ದುದ್ನ ಉಡುಕ್ದೆ" ಎಂದಳು. ಕೈಲಿದ್ದ ಕಾಯಿಯನ್ನು ಮಡಿಲಿಗೆ ಹಾಕಿಕೊಂಡು, "ನಿಮ್ಮಪ್ಪ ಒಂದ್ರಿ ಇಡೀಬ್ಯಾಡ ಅಂದ ಕಣ್ಲಾ. 'ಮಗ ತಗಂಡಿಲ್ಲ ಅಂದವ್ನೆ, ಆಯ್ತು' ಅಂದ. ಅವನು ನಂಬಿದ್ದ. ನಂಬ್ದೆ ಇದ್ದೋಳು ನಾನು" ಎಂದಳು. ಮತ್ತೆ ಕಾಯಿ ಸುಲಿಯತೊಡಗಿದಳು.

ನಾನೆದ್ದು ಹೋಗಿ ಮೋರಿಯನ್ನು ನೋಡಿ ಬಂದೆ.

ಬಂದಾಗ ತೀರ್ಪು ಸಿದ್ಧವಾಗಿತ್ತು. "ಆ ಉಡುಗನ್ನ ಬರೇಳು. ಬೋಯ್ಯಾಕೆ ಅಲ್ಲ. ಒಸ ರಾಗಿ ಬಂದೈತೆ, ಎರಡು ಮೂಟೆ. ಬಾಗಿಲ ಮುಂದೆ, ಬೀದೀಲಿ ಕುಂತ್ಕಂಡು ಒಂದ್ರಿ ಇಡ್ದು ಓಗ್ಲಿ. ಕಾಲು ನೋವು ಅಂದ್ರೆ ಚಾಪೆ ಕೊಡ್ತೀನಿ."

ಏನು ಮಾಡಬೇಕೆಂದು ನೀನು ಕೇಳಿದ್ದೆ. ಅವಳದ್ದು ಅದು. ನನ್ನದು ಎರಡು. ಸಂಚಿಕೆಯ ಸಾಲುಗಳು ಸರಿಯಾಗಬೇಕು. ಎರಡನೇ ಚೌಕಟ್ಟು ಗಾಜಿನ ಪೆಟ್ಟಿಗೆಯಲ್ಲಿ ಕಾರಿನ ಪಕ್ಕ ಇರಬೇಕು, ೩೮ ಎಂಬ ಸಂಖ್ಯೆ ಕಾಣುವ ಹಾಗೆ.

ದೇವರಾಜು

*

ಗುತ್ತಲು
೮ ಜನವರಿ ೨೦೨೫

ದೇವರಾಜು,

ಸಂಕ್ರಾಂತಿ ಕಳೆದ ಭಾನುವಾರ, ೧೯ನೇ ತಾರೀಕು, ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಬಂದು ಅಲ್ಲಿಂದ ಬರುತ್ತೇನೆ. ಚಾಪೆ ಬೇಡ.

ಜಯಪ್ರಕಾಶ್ ಬಳಿ ಎರಡು ಸಂಜೆ ಕೂತೆ. "ಈಗ್ಯಾಕೆ ಸಾರ್ ಅದ್ನೆಲ್ಲ ಕೆದಕೋದು? ಸಂಭ್ರಮದ ಪುಸ್ತಕ. ಮೇಷ್ಟ್ರ ಮನೆಯೋರು ಬೇಜಾರ್ ಮಾಡ್ಕಂತಾರೆ" ಎಂದ. ಮೇಷ್ಟ್ರಿಗೆ ಸುಳ್ಳು ಹೇಳಿದವನು ನಾನು, ಬೇಜಾರಾದರೆ ನನ್ನ ಮೇಲೆ ಆಗಲಿ ಎಂದೆ. "ನಿಮ್ಮೆಸರು ನೀವೇ ಕೆಡಿಸ್ಕಂತೀನಿ ಅಂದ್ರೆ ನಾನ್ಯಾರು? ಹಾಕ್ಕೊಳಿ ಬುಡಿ. ಆ ಪುಸ್ತಕನ ಯಾರೂ ಓದಾಕಿಲ್ಲ, ಫೋಟೋ ನೋಡ್ತಾರೆ ಅಷ್ಟೆ" ಎಂದು ಒಪ್ಪಿಕೊಂಡ.

ಸಾಲುಗಳು ಹೀಗಿವೆ: "ಈ ಕಾರಿನ ೩೮ನೇ ಭಾಗವನ್ನು ೧೯೭೮ರಲ್ಲಿ ನಮ್ಮ ಸಹಪಾಠಿ ಎಂ. ದೇವರಾಜು ತೆಗೆದರೆಂದು ಶಾಲೆ ನಂಬಿತು. ಆ ಭಾಗ ಡಬ್ಬಿಯಲ್ಲಿ ಇರಲೇ ಇಲ್ಲ. ಇದೆಯೆಂದು ನೋಡದೆ ಗೀಟು ಹಾಕಿ, ನೋಡಿದೆನೆಂದು ಸುಳ್ಳು ಹೇಳಿದವನು ನಾನು. ಆರ್. ಎಚ್. ಶಶಿಧರ್." ಒಂದು ಅಕ್ಷರ ಬದಲಿಸಬೇಕಿದ್ದರೂ ಹೇಳು. ಕುಸುಮಳಿಗೆ ಓದಿ ತೋರಿಸಿದೆ. ನೀರು ಕಾಯಿಸಿದ್ದು ಯಾತಕ್ಕೆಂದು ಈಗ ಗೊತ್ತಾಯಿತು ಎಂದಳು.

ಬಾನೆಟ್ಟು ಇನ್ನೂ ಕುಸಿದೇ ಇದೆ.

ಶಶಿ

*

ಬೆಳಕವಾಡಿ
೨ ಫೆಬ್ರವರಿ ೨೦೨೫

ಶಶಿ,

ಬಾನೆಟ್ಟಿಗೆ ಪರಿಹಾರ ಸರಳ. ಆ ಅಚ್ಚು ಇನ್ನೊಂದು ನಮೂನೆಗೆ ಮಾಡಿದ್ದರಿಂದ ಸಂದು ಉಳಿದಿದೆ, ಯಾರ ತಪ್ಪೂ ಅಲ್ಲ. ಮೊದಲನೇ ಚೌಕಟ್ಟಿನಿಂದ ಸೀಳಿದ ತೆಳು ಪಟ್ಟಿಗಳು ಈ ಲಕೋಟೆಯಲ್ಲಿವೆ. ರೇಡಿಯೇಟರಿನ ಮೇಲೆ ಎಡಕ್ಕೊಂದು, ಬಲಕ್ಕೊಂದು. ಎಡದ್ದು ಕೂದಲೆಳೆಯಷ್ಟು ಹೆಚ್ಚು ದಪ್ಪ, ಅದಲುಬದಲು ಮಾಡಬೇಡ. ಅಂಟು ಹಾಕುವ ಮೊದಲು ಕೂರಿಸಿ ನೋಡು. ಎರಡನೇ ಚೌಕಟ್ಟನ್ನು ಮುಟ್ಟಬೇಡ.

ಸಂಚಿಕೆಯ ಸಾಲುಗಳಲ್ಲಿ ತಿದ್ದುವಂಥದ್ದೇನೂ ಇಲ್ಲವೆಂದು ನೀನು ಬಂದಾಗಲೇ ಹೇಳಿದ್ದೆ. ಮೋರಿಯ ಬಗ್ಗೆ ನೋಡಲು ಕೊನೆಗೂ ಒಬ್ಬರು ಬಂದಿದ್ದರು. ಅಳತೆ ಪಟ್ಟಿ ತಂದಿರಲಿಲ್ಲ. ನನ್ನದನ್ನು ಕೊಟ್ಟೆ.

ಆ ಭಾನುವಾರ ನೀನು ಹೋದ ಮೇಲೆ ಬೀದಿಯವರೆಲ್ಲ ವಿಚಾರಿಸಿದರು. ಪ್ಯಾಂಟು ಹಾಕಿಕೊಂಡು ರಾಗಿ ಜರಡಿ ಹಿಡಿಯುತ್ತಿದ್ದವರು ಯಾರು ಎಂದು. "ನನ್ ಮಗನ ಜೊತೆ ಓದಿದ ಉಡುಗ" ಎಂದಳು ಅವ್ವ. ಹೈಸ್ಕೂಲಿನ ದಿನಗಳಲ್ಲಿ ನೀನು ನಮ್ಮ ಕೇರಿಯ ತುದಿಯಲ್ಲೇ ನಿಂತು ನನ್ನನ್ನು ಕೂಗುತ್ತಿದ್ದೆ. ಒಳಗೆ ಬರುತ್ತಿರಲಿಲ್ಲ. ಮೊನ್ನೆ ನಮ್ಮ ಮನೆಯ ಊಟದಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡದ್ದನ್ನು ಅವಳು ಗಮನಿಸಿದ್ದಾಳೆ.

ಮೊದಲನೇ ಮೂಟೆಯನ್ನು ಮಾರನೆಯ ದಿನ ಅವಳೇ ಮತ್ತೊಂದು ಸಲ ಜರಡಿ ಹಿಡಿದಳು. ಎರಡು ಹಿಡಿ ಕಲ್ಲು ಸಿಕ್ಕಿತು. "ಅವತ್ತು ನೋಡ್ದೆ ಗೀಟು ಆಕ್ದ, ಇವತ್ತು ನೋಡ್ದೆ ಒಂದ್ರಿ ಇಡ್ದ" ಎಂದು ನಕ್ಕಳು. ಕಸವನ್ನು ಹಾಗೇ ಚೆಲ್ಲಿದಳು. ಬೆರಳಾಡಿಸಲಿಲ್ಲ.

ಎರಡನೇ ಮೂಟೆ ಬಾಕಿ ಇದೆ. ಬರುವ ಭಾನುವಾರ ಕನ್ನಡಕ ಹಾಕಿಕೊಂಡು ಬಾ.

ದೇವರಾಜು